ಎಸ್‌ಡಿಎಂಸಿಗೆ ನಿಲ್ಲಬೇಕೆಂದಿದ್ದೇನೆ, ಅನುಭವವಿದ್ದವರು ದಯವಿಟ್ಟು ಹೇಳಿ

ಐದನೇ ತರಗತಿಯ ತಾಯಿ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಗಳು ಐದನೇ ತರಗತಿ, ಮಗ ಎರಡನೆಯದು. ಒಟ್ಟು 84 ಮಕ್ಕಳಿದ್ದಾರೆ. ಬರುವ ಶನಿವಾರ ಪೋಷಕರ ಸಭೆ ಇದೆ, ಹೊಸ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ರಚಿಸುತ್ತೇವೆ ಎಂದು ಮಗಳ ಡೈರಿಯಲ್ಲಿ ಬರೆದು ಕಳುಹಿಸಿದ್ದಾರೆ. ನಾನು ನಿಲ್ಲಬೇಕೆಂದಿದ್ದೇನೆ.

ಕಾರಣ ಹೇಳುತ್ತೇನೆ. ಮಗಳು ಬೆಳಿಗ್ಗೆ ಒಯ್ಯುವ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಬಿಸಿಲಿನಲ್ಲಿ ನೀರು ಕುಡಿಯಬಾರದೇ ಎಂದು ಬೈಯುತ್ತಿದ್ದೆ. ಒಂದು ದಿನ ಅತ್ತುಕೊಂಡು ಹೇಳಿದಳು: ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಅಲ್ಲಿ ಬಾಗಿಲಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಳ್ಳಬೇಕು. ಜೊತೆಯ ಹುಡುಗಿ ಶಾಲೆಗೆ ಬಾರದ ದಿನ ಇವಳು ಸಂಜೆಯವರೆಗೆ ತಡೆದುಕೊಂಡು ಕೂರುತ್ತಾಳೆ. ಮರುದಿನವೇ ಹೋಗಿ ನೋಡಿದೆ. ಹೆಣ್ಣುಮಕ್ಕಳಿಗೆಂದು ಎರಡು ಶೌಚಾಲಯಗಳಿವೆ. ಒಂದಕ್ಕೆ ಬೀಗ, ಒಳಗೆ ಮುರಿದ ಡೆಸ್ಕುಗಳು. ಇನ್ನೊಂದರಲ್ಲಿ ಚಿಲಕ ಕಿತ್ತುಹೋದ ಜಾಗದಲ್ಲಿ ಎರಡು ತೂತುಗಳಿವೆ, ಅಷ್ಟೇ. ಶಾಲೆಯ ಮುಂಗೋಡೆಗೆ ಮಾತ್ರ ಹೊಸ ಬಣ್ಣ ಬಳಿದು, ಸಮಿತಿಯವರ ಹೆಸರುಗಳನ್ನು ದೊಡ್ಡದಾಗಿ ಬರೆಸಿದ್ದಾರೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ, ನಿಲ್ಲು ಎನ್ನುತ್ತಾರೆ. ಊರ ಉಸಾಬರಿ ನಮಗೇಕೆ ಎಂದು ಅತ್ತೆ ಬೇಸರಿಸಿಕೊಂಡಿದ್ದಾರೆ. ಈ ಊರಿಗೆ ಬಂದ ಹನ್ನೆರಡು ವರ್ಷಗಳಲ್ಲಿ ಎಸ್‌ಡಿಎಂಸಿಗೆ ಚುನಾವಣೆ ನಡೆದದ್ದನ್ನು ನಾನು ಕಂಡಿಲ್ಲ. ಹಿಂದಿನ ರಾತ್ರಿಯೇ ಪಟ್ಟಿ ಸಿದ್ಧವಾಗಿರುತ್ತದೆ, ಸಭೆಯಲ್ಲಿ ಓದುತ್ತಾರೆ, ಚಪ್ಪಾಳೆ ತಟ್ಟಿ ಏಳುತ್ತೇವೆ. ನಿಲ್ಲಲು ಅರ್ಜಿ ಕೊಡಬೇಕೇ? ಓದಿನ ಅರ್ಹತೆ ಕೇಳುತ್ತಾರೆಯೇ? ಸಮಿತಿಗೆ ನಿಜಕ್ಕೂ ಏನಾದರೂ ಅಧಿಕಾರ ಇದೆಯೇ?

ಮಾಜಿ ಅಧ್ಯಕ್ಷೆ, ಚಿತ್ರದುರ್ಗ ಕಡೆಯವಳು · ಸೋಮವಾರ, ರಾತ್ರಿ 10.25

ತಂಗಿ, ನಿಲ್ಲು. ಎರಡನೆಯ ಮಾತೇ ಬೇಡ.

ಓದಿನ ಅರ್ಹತೆ ಯಾರೂ ಕೇಳುವಂತಿಲ್ಲ. ನಿನ್ನ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು, ಅದೇ ಅರ್ಹತೆ. ಪೋಷಕರಿಂದ 18 ಜನರನ್ನು ಆರಿಸುತ್ತಾರೆ, ಅದರಲ್ಲಿ ಅರ್ಧದಷ್ಟು ಹೆಂಗಸರು ಇರಲೇಬೇಕು. ಪಂಚಾಯಿತಿ ಚುನಾವಣೆಯಂತೆ ಠೇವಣಿ, ಚಿಹ್ನೆ ಯಾವುದೂ ಇಲ್ಲ. ಸಭೆಯಲ್ಲಿ ಒಬ್ಬರು ನಿನ್ನ ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಆದ್ದರಿಂದ ಶನಿವಾರದೊಳಗೆ ಹತ್ತು ಮನೆಗಾದರೂ ಹೋಗಿ ಬಾ. ಹೊಲಿಗೆಗೆ ಬರುವ ಹೆಂಗಸರಲ್ಲಿ ಅರ್ಧ ಜನ ಆ ಶಾಲೆಯ ತಾಯಂದಿರೇ ಅಲ್ಲವೇ? ಅವರನ್ನೇ ಕೇಳು. ಬಾಟಲಿಯ ಕಥೆ ನಿನ್ನ ಮನೆಯದು ಮಾತ್ರ ಅಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈಗ ನನ್ನ ತಪ್ಪನ್ನು ಕೇಳು. ನಾನು ಅಧ್ಯಕ್ಷೆಯಾದ ಮೊದಲ ಆರು ತಿಂಗಳು ಸಭೆಯ ನಡಾವಳಿ ಪುಸ್ತಕ ನನ್ನ ಮನೆಗೇ ಬರುತ್ತಿತ್ತು. ಒಬ್ಬ ಹುಡುಗನ ಕೈಯಲ್ಲಿ ಕಳುಹಿಸುತ್ತಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದರೆ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒರಳಿನ ಮೇಲೆ ಪುಸ್ತಕ ಇಟ್ಟು, ಬೆರಳು ತೋರಿಸಿದ ಕಡೆ ಸಹಿ ಹಾಕಿ ಕಳುಹಿಸುತ್ತಿದ್ದೆ. ಒಂದು ದಿನ ಕರೆಂಟ್ ಹೋಗಿತ್ತು, ಹುಡುಗ ಕಾಯುತ್ತಾ ಕುಳಿತ, ಸುಮ್ಮನೆ ಹಿಂದಿನ ಪುಟಗಳನ್ನು ತಿರುವಿದೆ. ಎರಡು ಸೀಲಿಂಗ್ ಫ್ಯಾನ್ ಖರೀದಿಸಿದ ಠರಾವು ಇತ್ತು. ನಮ್ಮ ಶಾಲೆಯಲ್ಲಿ ಹೊಸ ಫ್ಯಾನ್ ಒಂದೂ ಇರಲಿಲ್ಲ. ಕೆಳಗೆ ಸಹಿ ನನ್ನದೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಪುಸ್ತಕ ಶಾಲೆಯಿಂದ ಹೊರಗೆ ಬರಬಾರದು, ಸಭೆಯಲ್ಲೇ ಬರೆಯಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಿದ ಮೇಲೆ ಸಹಿ ಎಂದು ಹಟ ಹಿಡಿದೆ. ನಾನು ಅಧ್ಯಕ್ಷೆಯಾದದ್ದು ಆ ದಿನ ಎಂದೇ ಇವತ್ತಿಗೂ ಹೇಳುತ್ತೇನೆ. ಗೆದ್ದು ಬಂದ ಮೇಲೆ ಬೇರೆ ಏನೂ ಆಗದಿದ್ದರೂ ಇದೊಂದನ್ನು ಬಿಡಬೇಡ.

ನಿವೃತ್ತ ಮುಖ್ಯ ಶಿಕ್ಷಕ · ಮಂಗಳವಾರ, ಬೆಳಿಗ್ಗೆ 6.15

ಚಿತ್ರದುರ್ಗದ ಸಹೋದರಿ ಬರೆದದ್ದನ್ನು ಓದಿ ನೋವಾಯಿತು. ಅಂಥವರು ನಮ್ಮಲ್ಲಿ ಇದ್ದರು, ಇಲ್ಲ ಎನ್ನಲಾರೆ. ಆದರೆ ಮುಖ್ಯ ಶಿಕ್ಷಕರ ಕಡೆಯಿಂದಲೂ ಎರಡು ಮಾತು ಹೇಳಬೇಕು.

ಸಮಿತಿಗೆ ಅಧಿಕಾರ ಇದೆಯೇ ಎಂದು ಕೇಳಿದಿರಿ ತಾಯಿ. ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ, 2001ರಲ್ಲಿ ನಮ್ಮ ರಾಜ್ಯ ಈ ಸಮಿತಿಗಳನ್ನು ರಚಿಸಿತು. ಅದಕ್ಕೂ ಮೊದಲು ಇದ್ದದ್ದು ಗ್ರಾಮ ಶಿಕ್ಷಣ ಸಮಿತಿ. ಅದರಲ್ಲಿ ಊರಿನ ಗಣ್ಯರಿಗೆ ಕುರ್ಚಿ ಇತ್ತು, ಶಾಲೆಗೆ ಮಕ್ಕಳನ್ನು ಕಳುಹಿಸುವ ಕೂಲಿಯವರಿಗೆ ಇರಲಿಲ್ಲ. 2001ರ ಆದೇಶ ಆ ಕುರ್ಚಿಯನ್ನು ತಂದೆತಾಯಿಗೆ ಕೊಟ್ಟಿತು. ನಾನು ಆಗ ಸೇವೆಯಲ್ಲಿದ್ದೆ. ಮೊದಲ ಸಭೆಗೆ ತಾಯಂದಿರು ಬಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತರು, ಕುರ್ಚಿ ಹಾಕಿದರೂ ಕೂರಲಿಲ್ಲ. ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಶಾಲೆಯ ಕೆಲಸ ಗಮನಿಸುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನದ ಬಳಕೆಯನ್ನು ನೋಡಿಕೊಳ್ಳುವುದು ಸಮಿತಿಯ ಕೆಲಸಗಳು. ಶಿಕ್ಷಕರನ್ನು ನೇಮಿಸುವ, ತೆಗೆಯುವ ಅಧಿಕಾರ ಇಲ್ಲ. ಅದನ್ನು ಮೊದಲೇ ತಿಳಿದುಕೊಳ್ಳಿ, ಇಲ್ಲವಾದರೆ ಜನ ನಿಮ್ಮಿಂದ ಆಗದ್ದನ್ನು ಕೇಳುತ್ತಾರೆ.

ಇನ್ನು ಮುಖ್ಯ ಶಿಕ್ಷಕರ ಪಾಡು. ಹಾಲು, ಮೊಟ್ಟೆ, ಸಮವಸ್ತ್ರ, ಪಠ್ಯಪುಸ್ತಕ, ಶಾಲೆಯ ಅಂಕಿಅಂಶ ತುಂಬುವ ಯೂಡೈಸ್ ದಾಖಲೆ, ಇದರ ನಡುವೆ ಪಾಠ. ಮೊಟ್ಟೆಯೊಂದಕ್ಕೆ ಸರ್ಕಾರ 6 ರೂಪಾಯಿ ಕೊಡುತ್ತಿದ್ದಾಗ ಅಂಗಡಿಯ ದರ ಅದನ್ನು ದಾಟಿದ ತಿಂಗಳುಗಳಲ್ಲಿ ಎಷ್ಟೋ ಶಿಕ್ಷಕರು ಕೈಯಿಂದ ಹಾಕಿದ್ದಾರೆ. ಅನುದಾನ ಎಷ್ಟೋ ಸಲ ವರ್ಷದ ಕೊನೆಗೆ ಬರುತ್ತದೆ, ಮಾರ್ಚ್ ಒಳಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಸಭೆ ಕರೆದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಸದಸ್ಯರು, ಇರುವುದಿಲ್ಲ. ಆಗ ಪುಸ್ತಕ ಮನೆಮನೆಗೆ ಹೋಗುತ್ತದೆ. ಅದು ತಪ್ಪು, ನಾನೂ ಮಾಡಿದ್ದೇನೆ. ನಿಮ್ಮ ಮುಖ್ಯ ಶಿಕ್ಷಕರ ಬಳಿ ಸಭೆಗೆ ಮೊದಲೇ ಹೋಗಿ ಮಾತನಾಡಿ. ಜಗಳಕ್ಕೆ ಬರುತ್ತಿಲ್ಲ ಎನ್ನುವುದು ಅವರಿಗೆ ತಿಳಿಯಲಿ.

ಬಯಲುಸೀಮೆಯ ರೈತ · ಮಂಗಳವಾರ, ಮಧ್ಯಾಹ್ನ 1.10

ಎಲ್ಲರೂ ನಿಲ್ಲು ನಿಲ್ಲು ಎನ್ನುತ್ತಿದ್ದೀರಿ. ನನ್ನ ಮಾತು ಬೇರೆ. ನಮ್ಮೂರಿನಲ್ಲಿ ಒಮ್ಮೆ ಎಸ್‌ಡಿಎಂಸಿಗೆ ಕೈ ಎತ್ತಿಸಿ ಚುನಾವಣೆ ಮಾಡಿದರು. ಎರಡು ಗುಂಪಾಯಿತು. ಪಂಚಾಯಿತಿ ಚುನಾವಣೆಯಲ್ಲಿ ಸೋತವರು ಇಲ್ಲಿ ಸೇಡು ತೀರಿಸಿಕೊಂಡರು. ಸೋತವರ ಹದಿನಾಲ್ಕು ಮಕ್ಕಳು ಮರುವರ್ಷ ಖಾಸಗಿ ಶಾಲೆಯ ವ್ಯಾನ್ ಹತ್ತಿದರು. ಆಮೇಲೆ ಮಕ್ಕಳ ಸಂಖ್ಯೆ ಕಡಿಮೆ ಎಂದು ಒಬ್ಬ ಶಿಕ್ಷಕರನ್ನು ಬೇರೆ ಶಾಲೆಗೆ ಹಾಕಿದರು. ಒಂದು ಚಿಲಕಕ್ಕಾಗಿ ಊರು ಒಡೆಯುವುದು ಬೇಡ ತಂಗಿ. ಹಿರಿಯರ ಬಳಿ ಹೋಗಿ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿಸಿ ಎಂದು ಕೇಳು. ಅವಿರೋಧವಾಗಿ ಆದರೆ ಎಲ್ಲರಿಗೂ ಗೌರವ.

ರಾಯಚೂರಿನ ತಂದೆ · ಮಂಗಳವಾರ, ಸಂಜೆ 7.30

ಅಣ್ಣ, ನಿಮ್ಮೂರಿನಲ್ಲಿ ಆದದ್ದು ಕೆಟ್ಟದ್ದೇ. ಆದರೆ ಅವಿರೋಧ ಆಯ್ಕೆ ಯಾರ ಮನೆಯ ಜಗಲಿಯಲ್ಲಿ ಆಗುತ್ತದೆ ಎನ್ನುವುದನ್ನೂ ಹೇಳಿ. ಆ ಜಗಲಿಯನ್ನು ನಾವು ಹತ್ತುವಂತೆಯೇ ಇರಲಿಲ್ಲ.

ನಮ್ಮ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಮ್ಮ ಕೇರಿಯವರು. ಊರಿನ ಉಳ್ಳವರ ಮಕ್ಕಳೆಲ್ಲ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಆದರೂ ಸಮಿತಿಯಲ್ಲಿ ನಮ್ಮವರು ಇಬ್ಬರು. ಅವರನ್ನೂ ಆರಿಸುತ್ತಿದ್ದವರು ಆ ಜಗಲಿಯವರೇ, ಬಾಯಿ ಬಿಡದವರನ್ನು ನೋಡಿ. ಅದೇ 21ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಅವಕಾಶ ವಂಚಿತ ಗುಂಪು ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಕೊಡಬೇಕು. ನಾವು ಹಾಜರಿ ಪುಸ್ತಕದಿಂದ ಮಕ್ಕಳ ಲೆಕ್ಕ ತೆಗೆದು, ಒಂದು ಹಾಳೆಯಲ್ಲಿ ಬರೆದು, ಸಭೆಯಲ್ಲಿ ಓದಿದೆವು. ಕೂಗಾಡಲಿಲ್ಲ. ಲೆಕ್ಕ ಓದಿದ ಮೇಲೆ ಯಾರಿಗೂ ಎದುರಾಡಲು ಆಗಲಿಲ್ಲ. ಆ ಸಲ ನಮ್ಮ ಕೇರಿಯಿಂದ ಒಂಬತ್ತು ಜನ ಬಂದರು.

ತಂಗಿ, ನಿಮ್ಮ ಪಟ್ಟಿಯಲ್ಲೂ ಈ ಲೆಕ್ಕ ಸರಿಯಿದೆಯೇ ನೋಡಿ. ನಿಮ್ಮ ಒಂದು ಸ್ಥಾನಕ್ಕೆ ಮಾತ್ರ ನಿಂತರೆ ಒಬ್ಬಂಟಿಯಾಗುತ್ತೀರಿ. ಕೇರಿಯ ತಾಯಂದಿರನ್ನೂ ಜೊತೆಗೆ ಕರೆದುಕೊಳ್ಳಿ.

ನ್ಯೂಜೆರ್ಸಿಯ ಕನ್ನಡಿಗ · ಬುಧವಾರ, ಬೆಳಿಗ್ಗೆ 8.05

ನಾನು ತುಮಕೂರಿನ ಸರ್ಕಾರಿ ಶಾಲೆಯಲ್ಲಿ ಓದಿದವನು, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿ ನನ್ನ ಮಕ್ಕಳ ಶಾಲೆಗಳಿರುವ ಪಟ್ಟಣದ ಸ್ಕೂಲ್ ಬೋರ್ಡ್‌ಗೆ ಒಮ್ಮೆ ನಿಂತು ಸೋತಿದ್ದೇನೆ. ನ್ಯೂಜೆರ್ಸಿಯಲ್ಲಿ ಚುನಾಯಿತ ಬೋರ್ಡ್ ಸದಸ್ಯರಿಗೆ ಮೂರು ವರ್ಷದ ಅವಧಿ, ಸಂಬಳವಿಲ್ಲ. ಮಕ್ಕಳಿಲ್ಲದವರೂ ಮತ ಹಾಕುತ್ತಾರೆ, ಏಕೆಂದರೆ ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನವರ ಮನೆ ತೆರಿಗೆಯಿಂದಲೇ ಬರುತ್ತದೆ. ಬಾಗಿಲು ಬಾಗಿಲು ತಟ್ಟುವಾಗ ನಾನು ಅದನ್ನೇ ಮರೆತಿದ್ದೆ. ವಯಸ್ಸಾದವರ ಮುಂದೆ ಬರೀ ಗಣಿತ ಪಾಠದ ಮಾತಾಡಿದೆ, ಅವರು ಕೇಳುತ್ತಿದ್ದದ್ದು ತೆರಿಗೆ.

ಇಲ್ಲಿಯದನ್ನು ಅಲ್ಲಿಗೆ ತಂದು ಅಂಟಿಸಲು ಆಗುವುದಿಲ್ಲ. ಆದರೆ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. 1975ರ ಒಂದು ಕಾನೂನಿನ ಪ್ರಕಾರ ಇಲ್ಲಿ ಸಭೆಗೆ ಸಾಮಾನ್ಯವಾಗಿ 48 ಗಂಟೆ ಮೊದಲೇ ಸಾರ್ವಜನಿಕ ಸೂಚನೆ ಕೊಡಬೇಕು. ಯಾರು ಬೇಕಾದರೂ ಬಂದು ಕೂರಬಹುದು, ಎದ್ದು ಮಾತನಾಡಲು ಸಮಯ ಇಟ್ಟಿರುತ್ತಾರೆ. ಸಭೆಯ ವಿಷಯಪಟ್ಟಿಯನ್ನು ಎರಡು ದಿನ ಮೊದಲು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಲು ನಿಮ್ಮಲ್ಲಿ ಖರ್ಚೇನೂ ಇಲ್ಲ. ಹಾಳೆ ಓದಿದವರು ಸಭೆಗೆ ಬರುತ್ತಾರೆ.

ಐದನೇ ತರಗತಿಯ ತಾಯಿ · ಬುಧವಾರ, ರಾತ್ರಿ 10.50

ನಿಮ್ಮೆಲ್ಲರ ಮಾತು ಎರಡೆರಡು ಸಲ ಓದಿದೆ. ಎರಡು ದಿನದಲ್ಲಿ ಹದಿನಾರು ಮನೆಗೆ ಹೋಗಿಬಂದೆ. ಅಕ್ಕ ಹೇಳಿದ್ದು ನಿಜ, ಏಳು ಮನೆಯಲ್ಲಿ ಇದೇ ಬಾಟಲಿಯ ಕಥೆ. ಒಬ್ಬ ತಾಯಿ ಆರನೇ ತರಗತಿಯ ಮಗಳನ್ನು ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದಾರೆ. ಏಕೆ ಎಂದು ಕೇಳಬೇಕಾಗಲಿಲ್ಲ.

ಮುಖ್ಯ ಶಿಕ್ಷಕರನ್ನೂ ಕಂಡೆ. ಮುಖ ಗಂಟು ಹಾಕಿಕೊಳ್ಳಲಿಲ್ಲ. "ನೀವು ಬಂದರೆ ನನಗೂ ಸಹಾಯವೇ ಅಮ್ಮ" ಎಂದರು. ಆದರೆ ಹೊಸ ತೊಡಕು ಬಂದಿದೆ. ಈಗಿನ ಅಧ್ಯಕ್ಷರ ಮಗ ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗಿಯಾಗಿದೆ. ಈಗ ತಂಗಿಯ ಮಗನಿಗೆ ತಾವೇ ಪಾಲಕರು ಎಂದು ಹೇಳಿ ಮತ್ತೆ ನಿಲ್ಲುತ್ತಾರಂತೆ. ಆ ಮಗುವಿನ ತಂದೆತಾಯಿ ಇಬ್ಬರೂ ಇದೇ ಊರಿನಲ್ಲಿದ್ದಾರೆ, ದಿನವೂ ಕಣ್ಣೆದುರಿಗೆ ಓಡಾಡುತ್ತಾರೆ. ಹೀಗೆ ಮಾಡಬಹುದೇ?

ಮಾಜಿ ಅಧ್ಯಕ್ಷೆ, ಚಿತ್ರದುರ್ಗ ಕಡೆಯವಳು · ಬುಧವಾರ, ರಾತ್ರಿ 11.15

ಪಾಲಕರು ಎನ್ನುವ ಮಾತು ಇರುವುದು ತಂದೆತಾಯಿ ಇಲ್ಲದ, ಅಥವಾ ಅಜ್ಜಿ, ಮಾವಂದಿರ ಆಶ್ರಯದಲ್ಲಿ ಬೆಳೆಯುವ ಮಕ್ಕಳಿಗಾಗಿ. ಅಂಥ ಅಜ್ಜಿಯಂದಿರು ನನ್ನ ಸಮಿತಿಯಲ್ಲಿದ್ದರು, ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದರು. ಸಭೆಯಲ್ಲಿ ಆ ಮಗುವಿನ ದಾಖಲಾತಿ ತೆಗೆಸಿ, ಪೋಷಕರ ಹೆಸರಿನ ಮುಂದೆ ಏನು ಬರೆದಿದೆ ಎಂದು ಓದಿಸು. ಅವರ ಮೇಲೆ ನೀನು ಏನೂ ಹೇಳಬೇಡ, ದಾಖಲೆಯೇ ಹೇಳಲಿ. ಮಾಹಿತಿ ಹಕ್ಕು ಅರ್ಜಿ ಹಾಕು ಎಂದು ಯಾರಾದರೂ ಹುರಿದುಂಬಿಸಿದರೆ ಈಗಲೇ ಬೇಡ ಎನ್ನು. 10 ರೂಪಾಯಿಯ ಆ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಬಾಯಿಮಾತಿನಲ್ಲಿ ಕೇಳಿ ಸಿಗದಿದ್ದರೆ ಆಮೇಲೆ ನೋಡೋಣ.

ಬಯಲುಸೀಮೆಯ ರೈತ · ಗುರುವಾರ, ಬೆಳಿಗ್ಗೆ 7.00

ಆ ಆರನೇ ತರಗತಿಯ ಹುಡುಗಿಯ ವಿಷಯ ಓದಿ ನಾನು ಬರೆದದ್ದು ಸರಿಯಾಗಲಿಲ್ಲ ಅನ್ನಿಸಿತು. ಚಿಲಕ ಎಂದು ಹಗುರವಾಗಿ ಬರೆದುಬಿಟ್ಟೆ. ರಾಯಚೂರಿನವರೇ, ಜಗಲಿಯ ಮಾತೂ ನನಗೆ ನಾಟಿತು. ಒಂದೇ ಬೇಡಿಕೆ ತಂಗಿ: ಗೆದ್ದರೂ ಸೋತರೂ ಎದುರಿನವರ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳಿ, ಅವರ ಮನೆಗೂ ಹೋಗಿ ಬನ್ನಿ.

ನಿವೃತ್ತ ಮುಖ್ಯ ಶಿಕ್ಷಕ · ಗುರುವಾರ, ಬೆಳಿಗ್ಗೆ 9.20

ಹಣದ ವಿಷಯ ತಿಳಿದುಕೊಂಡು ಸಭೆಗೆ ಹೋಗಿ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಇದ್ದರೆ 25,000, 101ರಿಂದ 250 ಇದ್ದರೆ 50,000. ನಿಮ್ಮದು 84 ಮಕ್ಕಳ ಶಾಲೆ, 25,000ದ ಲೆಕ್ಕಕ್ಕೆ ಬರುತ್ತದೆ. ಇದರಲ್ಲಿ ಕನಿಷ್ಠ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಹೋಗಬೇಕು. ವಿದ್ಯುತ್ ಬಿಲ್, ಸೀಮೆಸುಣ್ಣ, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದರಲ್ಲೇ ಆಗಬೇಕು, ಹಾಗಾಗಿ ಗೋಡೆಯ ಬಣ್ಣಕ್ಕೆ ಎಷ್ಟು ಹೋಯಿತು ಎಂದು ಕೇಳುವುದು ನ್ಯಾಯವೇ. ಹೊಸ ಶೌಚಾಲಯ ಈ ಹಣದಲ್ಲಿ ಆಗದು, ಅದಕ್ಕೆ ಗ್ರಾಮ ಪಂಚಾಯಿತಿಯನ್ನು ಹಿಡಿಯಬೇಕು. ನರೇಗಾ ಕೆಲಸದಲ್ಲಿ ಶಾಲೆಗೆ ಕಾಂಪೌಂಡ್, ಶೌಚಾಲಯ ಕಟ್ಟಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ.

ಪೋಷಕರಿಂದ ಹಣ ಎತ್ತುವ ಮಾತು ಬಂದರೆ ಎಚ್ಚರ. 2022ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಸಮಿತಿಗಳಿಗೆ ಅವಕಾಶ ಕೊಟ್ಟ ಸುತ್ತೋಲೆ ಹೊರಟಿತ್ತು, ರಾಜ್ಯದಾದ್ಯಂತ ವಿರೋಧ ಬಂದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. ಇಷ್ಟಪಟ್ಟು ಕೊಡುವವರು ಕೊಡಲಿ, ಆದರೆ ಕೊಡದವರ ಮಗುವಿನ ಹೆಸರು ತರಗತಿಯಲ್ಲಿ ಯಾರ ಬಾಯಲ್ಲೂ ಬರಬಾರದು.

ಐದನೇ ತರಗತಿಯ ತಾಯಿ · ಶನಿವಾರ, ರಾತ್ರಿ 8.30

ಸಭೆ ಮುಗಿಯಿತು. 61 ಜನ ಪೋಷಕರು ಬಂದಿದ್ದರು. ಇಷ್ಟು ಜನ ಹಿಂದೆಂದೂ ಬಂದಿರಲಿಲ್ಲವಂತೆ, ಕುರ್ಚಿ ಸಾಲದೆ ಮಕ್ಕಳ ಡೆಸ್ಕುಗಳನ್ನು ಅಂಗಳಕ್ಕೆ ತಂದರು.

ಪಟ್ಟಿ ಓದಲು ಶುರು ಮಾಡಿದಾಗ ನನ್ನ ನಾಲಿಗೆ ಒಣಗಿತ್ತು. ಏಳಲು ಆಗಲಿಲ್ಲ. ನನ್ನ ಪಕ್ಕದಲ್ಲಿದ್ದ ಕೇರಿಯ ತಾಯಿ, ದಿನಗೂಲಿಗೆ ಹೋಗುವವರು, ಎದ್ದು ನಿಂತು ನನ್ನ ಹೆಸರು ಹೇಳಿದರು. ಆಮೇಲೆ ನಾನು ಎದ್ದು ಅವರ ಹೆಸರು ಹೇಳಿದೆ. ಪಟ್ಟಿ ಓದುತ್ತಿದ್ದವರು ಹಾಳೆಯನ್ನು ಮಡಚಿದರು. ಮಕ್ಕಳ ಲೆಕ್ಕ ಓದಿದೆವು. ದಾಖಲಾತಿಯನ್ನೂ ಕೇಳಿದೆವು, ಓದುವ ಮೊದಲೇ ಹಳೆಯ ಅಧ್ಯಕ್ಷರು ತಾವೇ ಹಿಂದೆ ಸರಿದರು. ಅವರಿಗೆ ಅವಮಾನವಾಗುವಂಥ ಮಾತು ಯಾರೂ ಆಡಲಿಲ್ಲ, ಅದು ನನಗೆ ಸಮಾಧಾನ.

ಹೆಂಗಸರ ಸ್ಥಾನಗಳಿಗೆ ಹೆಚ್ಚು ಹೆಸರು ಬಂದದ್ದರಿಂದ ಚೀಟಿಯಲ್ಲಿ ಬರೆಸಿದರು. ನನಗೆ 38 ಮತ ಬಂದವು. ಕೇರಿಯ ತಾಯಿಗೆ 41. ಅಧ್ಯಕ್ಷರಾಗಿ ಪಟ್ಟಿಯಲ್ಲಿದ್ದವರೇ ಒಬ್ಬರು ಆದರು, ನಾನು ಸದಸ್ಯೆ. ಅತ್ತೆ ಏನೂ ಹೇಳಲಿಲ್ಲ, ಆದರೆ ರಾತ್ರಿ ನನ್ನ ಪಾಲಿನ ಪಾತ್ರೆಗಳನ್ನು ಅವರೇ ತೊಳೆದಿಟ್ಟರು.

ರಾಯಚೂರಿನ ತಂದೆ · ಶನಿವಾರ, ರಾತ್ರಿ 9.05

ಆ 41 ಮತ ಓದಿ ಎದೆ ತುಂಬಿ ಬಂತು. ಆ ತಾಯಿಗೆ ನಮ್ಮ ಕಡೆಯಿಂದ ಶರಣು ಹೇಳಿ.

ಐದನೇ ತರಗತಿಯ ತಾಯಿ · ಎರಡು ತಿಂಗಳ ನಂತರ, ಭಾನುವಾರ

ಹೇಗಾಯಿತು ಎಂದು ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಮೊದಲ ಸಭೆಯಲ್ಲಿ ನಡಾವಳಿಯನ್ನು ಗಟ್ಟಿಯಾಗಿ ಓದಬೇಕು ಎಂದೆ. ಹೊಸ ಅಧ್ಯಕ್ಷರು, ಸಮಯ ಎಲ್ಲಿದೆ ಅಮ್ಮ ಎಂದರು. ಮುಖ್ಯ ಶಿಕ್ಷಕರೇ ಪುಸ್ತಕ ತೆಗೆದುಕೊಂಡು ಓದಿದರು, ಆರು ನಿಮಿಷ ಹಿಡಿಯಿತು. ಚಿಲಕ ಅದೇ ವಾರ ಹಾಕಿಸಿದೆವು, ಬಡಗಿಯ ಕೂಲಿ ಸೇರಿ 260 ರೂಪಾಯಿ. ಮುರಿದ ಡೆಸ್ಕುಗಳನ್ನು ಹೊರಗೆ ತೆಗೆಸಿದೆವು. ಆದರೆ ಆ ಶೌಚಾಲಯಕ್ಕೆ ನೀರಿನ ಪೈಪೇ ಬಂದಿಲ್ಲ ಎನ್ನುವುದು ಆಗ ಗೊತ್ತಾಯಿತು. ಮಕ್ಕಳು ಬಕೆಟ್ ಹೊತ್ತು ಹೋಗುತ್ತಿದ್ದಾರೆ. ಮಗಳ ಬಾಟಲಿ ಈಗಲೂ ಅರ್ಧ ತುಂಬಿಯೇ ಬರುತ್ತಿದೆ.

ವಿಷಯಪಟ್ಟಿ ಫಲಕಕ್ಕೆ ಅಂಟಿಸುತ್ತಿದ್ದೇವೆ. ಮುಂದಿನ ತಿಂಗಳು ಶಾಲಾಭಿವೃದ್ಧಿ ಯೋಜನೆ ಬರೆಯಬೇಕು. ಮೇಷ್ಟ್ರೇ, ಪೈಪಿನ ವಿಷಯವನ್ನು ಪಂಚಾಯಿತಿಯವರು ತಳ್ಳಿಹಾಕದಂತೆ ಬರೆಯುವುದು ಹೇಗೆ?

ನಿವೃತ್ತ ಮುಖ್ಯ ಶಿಕ್ಷಕ · ಅದೇ ದಿನ, ಸಂಜೆ

"ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಬೇಕು" ಎಂದಷ್ಟೇ ಬರೆಯಬೇಡಿ ತಾಯಿ. ಟ್ಯಾಂಕಿನಿಂದ ಶೌಚಾಲಯಕ್ಕೆ ಎಷ್ಟು ಅಡಿ ದೂರ, ಎಷ್ಟು ಅಡಿ ಪೈಪ್, ಎಷ್ಟು ನಲ್ಲಿ, ಪ್ಲಂಬರ್ ಕೊಟ್ಟ ಅಂದಾಜು ಎಷ್ಟು, ಎಷ್ಟು ಹೆಣ್ಣುಮಕ್ಕಳು ಬಳಸುತ್ತಾರೆ, ಇಷ್ಟನ್ನೂ ಬರೆಯಿರಿ. ಸಭೆಯ ಠರಾವಿನ ಸಂಖ್ಯೆ, ದಿನಾಂಕ ಹಾಕಿ. ಎರಡು ಪ್ರತಿ ಮಾಡಿ, ಪಂಚಾಯಿತಿಗೆ ಕೊಡುವಾಗ ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ಯೋಜನೆಯ ಕರಡನ್ನು ಇಲ್ಲಿ ಹಾಕಿ, ನಾನು ಓದಿ ತಿದ್ದಿಕೊಡುತ್ತೇನೆ.